ಅತಿಥಿಯ ಹೊಣೆ

(ಬಾನುಲಿ ಭಾಷಣ)

ಕಳೆದ ಜ್ಯೇಷ್ಠಮಾಸದ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮಗಳನ್ನು ಕರೆದುಕೊಂಡು ಮನೆಗೆ ಬಂದಿದ್ದರು. ಹುಡುಗಿಗೆ ಆಗತಾನೆ ಹದಿನೆಂಟು ತುಂಬಿದೆ. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಒಂದು ವಿಶ್ವವಿದ್ಯಾನಿಲಯದಲ್ಲಿ ಪದವಿ ತರಗತಿಗೆ ಪ್ರವೇಶ ದೊರೆತಿದೆ. ಹೊರಡುವ ಮುನ್ನ ಹಿರಿಯರಿಗೆ ನಮಸ್ಕಾರ ಮಾಡಿಸುವ ವಾಡಿಕೆಯಂತೆ ಬಂದಿದ್ದರು. ಕುಶಲಪ್ರಶ್ನೆ, ಕಾಫಿ ಎಲ್ಲ ಮುಗಿದ ಮೇಲೆ ತಂದೆ ಜೇಬಿನಿಂದ ಒಂದು ಕಾಗದವನ್ನು ತೆಗೆದು ನನ್ನ ಕೈಗಿತ್ತರು. ಹೊಸ ವಿದ್ಯಾರ್ಥಿಗಳ ತಂದೆತಾಯಿಗಳಿಗೆ ವಿಶ್ವವಿದ್ಯಾನಿಲಯ ಬರೆದ ಪತ್ರ ಅದು.

"ಸಾರ್, ಹಾಸ್ಟೆಲು, ಊಟ, ಲೈಬ್ರರಿ ಎಲ್ಲ ಅರ್ಥವಾಯಿತು. ಕೊನೆಯಲ್ಲಿ 'ಗ್ರೀಕ್ ಜೀವನ' ಅಂತ ಒಂದು ಭಾಗ ಇದೆ. ಇವಳು ಓದುವುದು ಕಂಪ್ಯೂಟರು. ಇವಳಿಗೇಕೆ ಗ್ರೀಕರ ಸಹವಾಸ? ಅದರಲ್ಲಿ ಮತ್ತೆ ಮದ್ಯದ ಮಾತು, ವಿಮೆಯ ಮಾತು, ಪೊಲೀಸಿನ ಮಾತು ಏಕೆ ಬಂತು?" ಎಂದು ಕೇಳಿದರು.

ಕಾನೂನಾಗಲಿ ವೈದ್ಯವಾಗಲಿ ನನ್ನ ಶಾಸ್ತ್ರವಲ್ಲ. ನಾನು ಕನ್ನಡದ ಮೇಷ್ಟ್ರು. ಆದರೆ ಕೆಲವು ವರ್ಷಗಳ ಹಿಂದೆ ಮಗನ ಮನೆಯಲ್ಲಿ ನಾಲ್ಕು ತಿಂಗಳು ಇದ್ದು ಬಂದಿದ್ದೆ. ಅದು ವಿಶ್ವವಿದ್ಯಾನಿಲಯದ ಊರು. ಬೆಳಗಿನ ವಾಯುವಿಹಾರಕ್ಕೆ ಹೋಗುವ ದಾರಿಯಲ್ಲಿ ಎತ್ತರದ ಕಂಬಗಳ ದೊಡ್ಡ ದೊಡ್ಡ ಮನೆಗಳು, ಒಂದೊಂದರ ಹಣೆಯ ಮೇಲೂ ಎರಡೋ ಮೂರೋ ಗ್ರೀಕ್ ಅಕ್ಷರಗಳು. ವಾರದ ದಿನಗಳಲ್ಲಿ ನೋಡಿದರೆ ಮಠದಂತೆ ಗಂಭೀರ. ಭಾನುವಾರ ಬೆಳಗ್ಗೆ ನೋಡಿದರೆ ಹುಲ್ಲುಹಾಸಿನ ತುಂಬ ಕೆಂಪು ಲೋಟಗಳು, ಗಾಳಿಗೆ ಉದುರಿದ ದಾಸವಾಳದ ಹಾಗೆ. ಈ ಲೋಟಗಳ ಕಥೆ ಏನೆಂದು ಮಗನನ್ನು ಕೇಳಿದೆ. ಅವನು ಹೇಳಿದ್ದು ಸಾಲದೆ ಪುಸ್ತಕ ಪತ್ರಿಕೆಗಳನ್ನು ತಿರುವಿಹಾಕಿದೆ. ಆ ದಿನ ನನ್ನ ವಿದ್ಯಾರ್ಥಿಗೆ ಅಲ್ಲಲ್ಲಿ ಹೇಳಿದ್ದನ್ನು ಇಂದು ಕೇಳುಗರ ಮುಂದೆ ಕ್ರಮವಾಗಿ ಇಡುತ್ತೇನೆ. ಮಕ್ಕಳನ್ನು ಆ ದೇಶಕ್ಕೆ ಕಳುಹಿಸುವ ಮನೆಗಳು ಈಗ ನಮ್ಮ ಬೀದಿಬೀದಿಯಲ್ಲೂ ಇವೆ.

ಮೊದಲು ಹೆಸರಿನ ಮಾತು. ಫ್ರೆಟರ್ನಿಟಿ ಎಂಬುದು ಲ್ಯಾಟಿನ್ನಿನ 'ಫ್ರಾತೆರ್' ಶಬ್ದದಿಂದ ಬಂದದ್ದು. ಅದು ನಮ್ಮ 'ಭ್ರಾತೃ' ಶಬ್ದದ ಒಡಹುಟ್ಟು. ಸೊರೊರಿಟಿ ಎಂಬುದು 'ಸೊರೊರ್' ಶಬ್ದದಿಂದ. ಅದು ಸಂಸ್ಕೃತದ 'ಸ್ವಸೃ'ವಿಗೆ ಅಕ್ಕತಂಗಿ. ಒಂದು ಸೋದರಸಂಘ, ಇನ್ನೊಂದು ಸೋದರಿಸಂಘ. 1776ರಲ್ಲಿ, ಅಮೆರಿಕ ಸ್ವಾತಂತ್ರ್ಯವನ್ನು ಸಾರಿದ ವರ್ಷವೇ, ವರ್ಜೀನಿಯದ ವಿಲಿಯಮ್ ಅಂಡ್ ಮೇರಿ ಕಾಲೇಜಿನ ಕೆಲವು ಹುಡುಗರು ವಾದ ಸಂವಾದಗಳಿಗಾಗಿ ಒಂದು ಗುಪ್ತ ಕೂಟವನ್ನು ಕಟ್ಟಿಕೊಂಡು ಅದಕ್ಕೆ 'ಫೈ ಬೀಟ ಕ್ಯಾಪ' ಎಂದು ಹೆಸರಿಟ್ಟರು. ಅದು ಮುಂದೆ ವಿದ್ವತ್ತಿಗೆ ಸಲ್ಲುವ ಗೌರವದ ಸಂಸ್ಥೆಯಾಯಿತು. ಇಂದಿನ ಅರ್ಥದ ಸೋದರಸಂಘಗಳು 1825ರಲ್ಲಿ ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ ಹುಟ್ಟಿದ 'ಕ್ಯಾಪ ಆಲ್ಫ'ದಿಂದ ಮೊದಲಾಗುತ್ತವೆ. ಗ್ರೀಕ್ ಅಕ್ಷರ, ಗುಟ್ಟಿನ ವಿಧಿ, ಪ್ರಮಾಣವಚನ, ಕೈಕುಲುಕುವ ಗುರುತು — ಇವೆಲ್ಲ ಪಂಡಿತ ವೇಷದ ಹುಡುಗಾಟಿಕೆಗಳು. ಊರು ಬಿಟ್ಟು ಬಂದ ಹುಡುಗನಿಗೆ ಒಂದು ಮನೆ, ನಲವತ್ತು ಅಣ್ಣತಮ್ಮಂದಿರು, ಓದು ಮುಗಿದ ಮೇಲೂ ಕೈಬಿಡದ ಹಳೆಯ ಸದಸ್ಯರ ನಂಟು ಸಿಗುತ್ತದೆ. ದಾನಧರ್ಮದ ಕಾರ್ಯಗಳನ್ನೂ ಇವು ಮಾಡುತ್ತವೆ. ಇವುಗಳಿಂದ ಬಂದವರಲ್ಲಿ ಆ ದೇಶದ ಅಧ್ಯಕ್ಷರಾದವರೂ ಇದ್ದಾರೆ. ಆದುದರಿಂದ ಇವನ್ನು ಪುಂಡರ ಕೂಟವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಸಂಘಕ್ಕೆ ಸೇರಬಯಸಿ ಪರೀಕ್ಷೆಯ ಕಾಲದಲ್ಲಿರುವ ಹೊಸಬನನ್ನು ಬಹುಕಾಲ 'ಪ್ಲೆಡ್ಜ್' ಎಂದು ಕರೆಯುತ್ತಿದ್ದರು. ಇತ್ತೀಚೆಗೆ ಹಲವು ಕಡೆ 'ಹೊಸ ಸದಸ್ಯ' ಎನ್ನುತ್ತಾರೆ. ಆ ಹಳೆಯ ಶಬ್ದವನ್ನು ನಾನು ನಿಘಂಟಿನಲ್ಲಿ ನೋಡಿದೆ. ಪ್ರತಿಜ್ಞೆ ಎಂಬುದು ಒಂದು ಅರ್ಥ. ಒತ್ತೆ ಎಂಬುದು ಇನ್ನೊಂದು. ಸಾಲಕ್ಕೆ ಒಡವೆಯನ್ನು ಇಡುತ್ತೇವಲ್ಲ, ಆ ಒತ್ತೆ. ಈ ಎರಡನೆಯ ಅರ್ಥ ನನ್ನ ಮನಸ್ಸಿನಿಂದ ಹೋಗಲೇ ಇಲ್ಲ.

ಇನ್ನು ಮದ್ಯದ ಮಾತು. 1971ರಲ್ಲಿ ಅಮೆರಿಕದ ಸಂವಿಧಾನಕ್ಕೆ ಆದ 26ನೆಯ ತಿದ್ದುಪಡಿಯಿಂದ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಮತ ಹಾಕಬಲ್ಲವನು ಒಂದು ಲೋಟ ಬಿಯರು ಕುಡಿಯಬಾರದೇ ಎಂದು ಅನೇಕ ರಾಜ್ಯಗಳು ಕುಡಿಯುವ ವಯಸ್ಸನ್ನೂ ಇಳಿಸಿದವು. ರಸ್ತೆಗಳಲ್ಲಿ ಎಳೆಯರ ಸಾವು ಹೆಚ್ಚಿತು. ತಾಯಂದಿರು ಬೀದಿಗಿಳಿದು ಹೋರಾಡಿದರು. 1984ರಲ್ಲಿ ಅಧ್ಯಕ್ಷ ರೇಗನ್ ಒಂದು ಶಾಸನಕ್ಕೆ ಸಹಿಹಾಕಿದರು: ಕುಡಿಯುವ ವಯಸ್ಸನ್ನು 21 ಮಾಡದ ರಾಜ್ಯಕ್ಕೆ ಹೆದ್ದಾರಿಗೆ ಕೊಡುವ ಕೇಂದ್ರದ ಹಣದಲ್ಲಿ ಕಡಿತ. 1988ರ ಹೊತ್ತಿಗೆ ಐವತ್ತು ರಾಜ್ಯಗಳೂ ಒಪ್ಪಿದವು. ರಸ್ತೆಯ ಸಾವುಗಳು ಇಳಿದದ್ದು ನಿಜ. ಆ ಶಾಸನಕ್ಕೆ ಸಲ್ಲಬೇಕಾದ ಗೌರವ ಅದು.

ಆದರೆ ಕಾಲೇಜಿನ ನಾಲ್ಕು ವರ್ಷಗಳ ಓದಿನಲ್ಲಿ ಹುಡುಗ ಹುಡುಗಿಯರು ಮೊದಲ ಮೂರು ವರ್ಷ 21ರ ಒಳಗೇ ಇರುತ್ತಾರೆ. ಬಾರಿನವನು ಗುರುತಿನ ಚೀಟಿ ನೋಡಿ ಹಿಂದಕ್ಕೆ ಕಳುಹಿಸುತ್ತಾನೆ. ವಿದ್ಯಾರ್ಥಿನಿಲಯದಲ್ಲಿ ಮೇಲ್ವಿಚಾರಕರಿದ್ದಾರೆ. ಊರಿನಲ್ಲಿ ಉಳಿದದ್ದು ಒಂದೇ ಬಗೆಯ ಬಾಗಿಲು: ಕಂಬಗಳ ದೊಡ್ಡ ಮನೆ. ಅಲ್ಲಿ 21 ತುಂಬಿದ ಅಣ್ಣಂದಿರು ಕೊಳ್ಳುತ್ತಾರೆ, ತುಂಬದ ತಮ್ಮಂದಿರು ಕುಡಿಯುತ್ತಾರೆ.

ಇಲ್ಲಿ ನನಗೆ ಮೌಸಲಪರ್ವದ ನೆನಪಾಗುತ್ತದೆ. ಯಾದವರ ವಿನಾಶ ಮೊದಲಾದದ್ದು ಹುಡುಗಾಟಿಕೆಯಿಂದ. ಸಾಂಬನಿಗೆ ಬಸುರಿಯ ವೇಷ ಹಾಕಿ ಋಷಿಗಳನ್ನು ಅಣಕಿಸಿದರು. ಶಾಪಕ್ಕೆ ಹೆದರಿ ದ್ವಾರಕೆಯಲ್ಲಿ ಡಂಗುರ ಹೊಡೆಸಿದರು: ಇಂದಿನಿಂದ ಯಾರೂ ಸುರೆಯನ್ನು ಮಾಡಕೂಡದು, ಮಾಡಿದವನಿಗೂ ಅವನ ಬಂಧುಗಳಿಗೂ ಶೂಲ. ಅಷ್ಟು ಕಠಿಣವಾದ ಕಟ್ಟಳೆ ಮತ್ತೊಂದಿರಲಾರದು. ದ್ವಾರಕೆಯಲ್ಲಿ ಎಲ್ಲರೂ ಅದಕ್ಕೆ ತಲೆಬಾಗಿದರು. ಆಮೇಲೆ ಊರು ಬಿಟ್ಟು ಪ್ರಭಾಸತೀರ್ಥಕ್ಕೆ ಹೋದರು, ಅಲ್ಲಿ ಕುಡಿದರು, ಅಲ್ಲಿಯೇ ಹೊಡೆದಾಡಿ ಸತ್ತರು. ಕಟ್ಟಳೆ ದ್ವಾರಕೆಯನ್ನು ಕಾಪಾಡಿತು, ಯಾದವರನ್ನು ಕಾಪಾಡಲಿಲ್ಲ. ಅಮೆರಿಕದ ವಿದ್ಯಾಕ್ಷೇತ್ರಗಳಲ್ಲಿ ಈ ಗ್ರೀಕ್ ಅಕ್ಷರದ ಮನೆಗಳೇ ಪ್ರಭಾಸ.

ಇದರಲ್ಲಿ ಹೆಣ್ಣುಮಕ್ಕಳನ್ನು ಮುಟ್ಟುವ ಒಂದು ಸೂಕ್ಷ್ಮವಿದೆ. ಸೋದರಿಸಂಘಗಳ ಮನೆಗಳಲ್ಲಿ ಅವುಗಳ ಕೇಂದ್ರ ಸಂಸ್ಥೆಗಳ ನಿಯಮದಂತೆ ಸಾಮಾನ್ಯವಾಗಿ ಮದ್ಯಕ್ಕೆ ಪ್ರವೇಶವಿಲ್ಲ. ನೋಡಲು ಒಳ್ಳೆಯ ನಿಯಮ. ಫಲವೇನು? ಕೂಟಗಳೆಲ್ಲ ಹುಡುಗರ ಮನೆಯಲ್ಲಿ ನಡೆಯುತ್ತವೆ. ಬಾಗಿಲು ಕಾಯುವವರು ಅವರು, ಲೋಟಕ್ಕೆ ಸುರಿಯುವವರು ಅವರು, ದೀಪ ಆರಿಸುವವರೂ ಅವರೇ. ಹೆಣ್ಣು ಯಾವಾಗಲೂ ಅತಿಥಿ, ಎಂದೂ ಆತಿಥೇಯಳಲ್ಲ. ತನ್ನ ಮನೆಯಲ್ಲಿ ಅಪಾಯ ಬೇಡವೆಂದು ಮಾಡಿದ ನಿಯಮ ಅಪಾಯವನ್ನು ಪರರ ಮನೆಗೆ ಸಾಗಿಸಿತು; ಹುಡುಗಿ ಅದರ ಹಿಂದೆಯೇ ನಡೆದುಹೋಗುತ್ತಾಳೆ.

ಕುಡಿತದ ಲೆಕ್ಕವನ್ನೂ ಸ್ವಲ್ಪ ತಿಳಿಯಬೇಕು. ಅಮೆರಿಕದವರು ಒಂದು 'ಪಾನ'ವೆಂದು ಎಣಿಸುವುದು 14 ಗ್ರಾಂ ಶುದ್ಧ ಮದ್ಯಸಾರವನ್ನು. ಶೇಕಡ 5ರ ಬಿಯರಾದರೆ ಸುಮಾರು 355 ಮಿಲಿಲೀಟರು, ದ್ರಾಕ್ಷಾರಸವಾದರೆ 150, ವಿಸ್ಕಿಯಂಥ ಶೇಕಡ 40ರ ಮದ್ಯವಾದರೆ ಕೇವಲ 44. ನಮ್ಮ ಯಕೃತ್ತು ಇಂಥ ಒಂದು ಪಾನವನ್ನು ಅರಗಿಸಲು ಹೆಚ್ಚುಕಡಿಮೆ ಒಂದು ಗಂಟೆ ಬೇಕು; ಕಾಫಿಯಾಗಲಿ ತಣ್ಣೀರಿನ ಸ್ನಾನವಾಗಲಿ ಅದರ ವೇಗವನ್ನು ಹೆಚ್ಚಿಸಲಾರವು. ಅದೇ ತೂಕದ ಗಂಡಿಗಿಂತ ಹೆಣ್ಣಿನ ಮೈಯಲ್ಲಿ ನೀರಿನ ಅಂಶ ಕಡಮೆಯಾದ್ದರಿಂದ ಅಷ್ಟೇ ಮದ್ಯ ಆಕೆಯ ರಕ್ತದಲ್ಲಿ ಹೆಚ್ಚು ತೀವ್ರವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಮಾತು: ಕುಡಿಯುವುದನ್ನು ನಿಲ್ಲಿಸಿದ ಮೇಲೂ ಹೊಟ್ಟೆಯಲ್ಲಿ ಉಳಿದದ್ದು ರಕ್ತಕ್ಕೆ ಸೇರುತ್ತಲೇ ಇರುತ್ತದೆ. 'ಮಲಗಲಿ, ನಿದ್ದೆಯಲ್ಲಿ ಇಳಿದುಹೋಗುತ್ತದೆ' ಎಂದು ಬಿಟ್ಟುಬಂದ ಹುಡುಗನ ಸ್ಥಿತಿ ನಿದ್ದೆಯಲ್ಲಿಯೇ ಏರುತ್ತಿರಬಹುದು. ಉಸಿರು ನಿಧಾನವಾಗುತ್ತದೆ. ಗಂಟಲಿನ ಕಾವಲು ಕೆಡುತ್ತದೆ. ವಾಂತಿಯಾದರೆ ಅದು ಉಸಿರಿನ ದಾರಿಗೆ ಇಳಿಯುತ್ತದೆ.

ಆ ಕೆಂಪು ಲೋಟದಲ್ಲಿ ಎಷ್ಟು ಪಾನವಿದೆ ಎಂಬುದು ಕುಡಿಯುವವನಿಗೆ ತಿಳಿದಿರುವುದಿಲ್ಲ. ದೊಡ್ಡ ತೊಟ್ಟಿಯಲ್ಲಿ ಹಣ್ಣಿನ ರಸದ ಜೊತೆಗೆ ತೀಕ್ಷ್ಣ ಮದ್ಯವನ್ನು ಕಲಸಿ ಎಲ್ಲರಿಗೂ ಅದರಿಂದಲೇ ತೋಡಿಕೊಡುವ ಪದ್ಧತಿ ಅಲ್ಲಿ ಬಹುದಿನ ನಡೆದಿತ್ತು. ಹಾರ್ವರ್ಡಿನ ಹೆನ್ರಿ ವೆಕ್ಸ್ಲರ್ ಎಂಬ ವಿದ್ವಾಂಸರು 1993ರಲ್ಲಿ 140 ಕಾಲೇಜುಗಳಲ್ಲಿ ವಿಚಾರಿಸಿದರು. ಹಿಂದಿನ ಎರಡು ವಾರಗಳಲ್ಲಿ ಒಂದೇ ಕೂರಿಕೆಗೆ ಗಂಡಾದರೆ ಐದು, ಹೆಣ್ಣಾದರೆ ನಾಲ್ಕು ಪಾನ ಅಥವಾ ಅದಕ್ಕೂ ಹೆಚ್ಚು ಕುಡಿದವರು ಶೇಕಡ 44 ಮಂದಿ. ಗ್ರೀಕ್ ಅಕ್ಷರದ ಮನೆಗಳಲ್ಲಿ ವಾಸಿಸುವವರಲ್ಲಿ ಈ ಪ್ರಮಾಣ ಇನ್ನೂ ಬಹಳ ಹೆಚ್ಚು.

2017ರ ಫೆಬ್ರವರಿಯಲ್ಲಿ ನಡೆದ ಒಂದು ಘಟನೆಯನ್ನು ಹೇಳುತ್ತೇನೆ. ನ್ಯಾಯಾಲಯದ ದಾಖಲೆಗಳಲ್ಲಿ ಇರುವಂಥದು. ಪೆನ್ ಸ್ಟೇಟ್ ವಿಶ್ವವಿದ್ಯಾನಿಲಯದ ಬೀಟ ಥೀಟ ಪೈ ಎಂಬ ಸೋದರಸಂಘದ ಮನೆ. ನಿಯಮದ ಪ್ರಕಾರ ಅದು ಮದ್ಯವಿಲ್ಲದ ಮನೆ. ಹೊಸಬರನ್ನು ಸೇರಿಸಿಕೊಳ್ಳುವ ರಾತ್ರಿ ತಿಮೊತಿ ಪಿಯಾಜಾ ಎಂಬ 19 ವರ್ಷದ ವಿದ್ಯಾರ್ಥಿಗೆ ಒಂದೂವರೆ ಗಂಟೆಯೊಳಗೆ 18 ಪಾನಗಳನ್ನು ಕೊಡಲಾಯಿತೆಂದು ಸರ್ಕಾರಿ ವಕೀಲರು ಹೇಳಿದರು. ಹುಡುಗ ನೆಲಮಾಳಿಗೆಯ ಮೆಟ್ಟಿಲಿನಿಂದ ಉರುಳಿದ. ಎತ್ತಿ ತಂದು ಸೋಫದ ಮೇಲೆ ಮಲಗಿಸಿದರು. ಅಂಗಾತ ಮಲಗಿ ವಾಂತಿಯಿಂದ ಉಸಿರು ಕಟ್ಟದಿರಲೆಂದು ಬೆನ್ನಿಗೆ ಪುಸ್ತಕ ತುಂಬಿದ ಚೀಲ ಕಟ್ಟಿದರು. ಅಂದರೆ ಅಪಾಯದ ಅರಿವು ಅವರಿಗೆ ಇತ್ತು. ಆಸ್ಪತ್ರೆಗೆ ಕಳುಹಿಸೋಣವೆಂದು ಹೊಸಬನೊಬ್ಬ ಹೇಳಿದ. ಅವನನ್ನು ಗದರಿಸಿ ಸುಮ್ಮನಾಗಿಸಿದರು. ರಾತ್ರಿಯೆಲ್ಲ ಕಳೆಯಿತು. ಬಿದ್ದ ಹೊತ್ತಿನಿಂದ ತುರ್ತು ಸಹಾಯಕ್ಕೆ ಕರೆ ಹೋಗುವ ಹೊತ್ತಿಗೆ ಸುಮಾರು ಹನ್ನೆರಡು ಗಂಟೆಗಳು. ಮರುದಿನ ಹುಡುಗ ತೀರಿಕೊಂಡ. ಆ ಮನೆಯಲ್ಲಿದ್ದ ಕ್ಯಾಮರಾಗಳು ಇದೆಲ್ಲವನ್ನೂ ನೋಡುತ್ತಿದ್ದವು.

ಒಂದು ಫೋನು ಮಾಡಲು ಅಷ್ಟು ಹುಡುಗರಿಗೆ ಹನ್ನೆರಡು ಗಂಟೆ ಏಕೆ ಬೇಕಾಯಿತು? ಅವರೆಲ್ಲ ಕಟುಕರೇ? ನನಗೆ ಹಾಗೆನ್ನಿಸುವುದಿಲ್ಲ. ಉತ್ತರ ದೊರೆಯಬೇಕಾದರೆ ಆ ದೇಶದಲ್ಲಿ ಇಂಥ ಅನಾಹುತಕ್ಕೆ ಯಾರು ಹೊಣೆಯೆಂಬ ಕಾನೂನಿನ ಕಥೆಯನ್ನು ನೋಡಬೇಕು.

ಹಿಂದೆ ಅಲ್ಲಿ ಕಾಲೇಜು ತಂದೆತಾಯಿಯ ಸ್ಥಾನದಲ್ಲಿ ನಿಲ್ಲುತ್ತಿತ್ತು. 1960ರ ದಶಕದಲ್ಲಿ ಆ ಭಾವನೆ ಹೋಯಿತು. ವಿದ್ಯಾರ್ಥಿ ಪ್ರೌಢ, ಅವನ ಸ್ವಾತಂತ್ರ್ಯ ಅವನದು ಎಂದಾಯಿತು. ಪೆನ್ಸಿಲ್ವೇನಿಯದ ಒಂದು ಕಾಲೇಜಿನ ಎರಡನೆಯ ವರ್ಷದವರ ವನಭೋಜನದಲ್ಲಿ ಬಿಯರು ಹರಿದು, ಮರಳುವಾಗ ಕಾರು ಅಪಘಾತಕ್ಕೀಡಾಗಿ, ಒಬ್ಬ ವಿದ್ಯಾರ್ಥಿಯ ಕೈಕಾಲುಗಳು ಸ್ವಾಧೀನ ತಪ್ಪಿದವು. ಮೇಲ್ಮನವಿಯ ನ್ಯಾಯಾಲಯ 1979ರಲ್ಲಿ, ಆಧುನಿಕ ಕಾಲೇಜು ವಿದ್ಯಾರ್ಥಿಯ ಕ್ಷೇಮಕ್ಕೆ ವಿಮೆಗಾರನಲ್ಲ ಎಂದು ತೀರ್ಪಿತ್ತಿತು. ಕಾಲೇಜು ಹೊರಬಿತ್ತು. ಆದರೆ 1991ರಲ್ಲಿ ಡೆಲವೇರ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಬೇರೊಂದು ಮಾತು ಹೇಳಿತು. ಅಲ್ಲಿ ಸೋದರಸಂಘದ 'ನರಕರಾತ್ರಿ'ಯಲ್ಲಿ ಹೊಸಬನ ಮೈಮೇಲೆ ಒಲೆ ತೊಳೆಯುವ ಕ್ಷಾರದ್ರವವನ್ನು ಸುರಿದಿದ್ದರು. ಇಂಥ ಹಿಂಸೆಯನ್ನು ತಡೆಯುವುದಾಗಿ ವಿಶ್ವವಿದ್ಯಾನಿಲಯವೇ ನಿಯಮ ಮಾಡಿಕೊಂಡಿದ್ದ ಮೇಲೆ, ಅದನ್ನು ನಡೆಸದಿದ್ದ ತಪ್ಪು ಅದರದು ಎಂದಿತು ನ್ಯಾಯಾಲಯ. ಎರಡು ತೀರ್ಪುಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದ ಆಡಳಿತಗಾರನಿಗೆ ಇಕ್ಕಟ್ಟು: ದೂರ ನಿಂತರೆ ಹೊಣೆಯಿಲ್ಲ, ಹತ್ತಿರ ಹೋದರೆ ಹೊಣೆ ಮೈಮೇಲೆ.

ಆತಿಥೇಯನ ಹೊಣೆಯೂ ಬೆಳೆಯಿತು. ಮದ್ಯದಂಗಡಿಯವನು ಅಮಲೇರಿದವನಿಗೆ ಮಾರಿದರೆ ಮುಂದಿನ ಅನಾಹುತಕ್ಕೆ ಅವನೂ ಹೊಣೆಯೆಂಬ ಕಾನೂನು ಹಲವು ರಾಜ್ಯಗಳಲ್ಲಿ ಹಳೆಯದು. 1984ರಲ್ಲಿ ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯ ಅದನ್ನು ಮನೆಯ ಯಜಮಾನನಿಗೂ ವಿಸ್ತರಿಸಿತು. ಗೆಳೆಯನಿಗೆ ಮನೆಯಲ್ಲಿ ಕುಡಿಸಿ, ಕಾರಿನವರೆಗೂ ಬಂದು, ಮಾತನಾಡಿ ಬೀಳ್ಕೊಟ್ಟ ಆತಿಥೇಯನ ಮೊಕದ್ದಮೆ ಅದು. ಎಲ್ಲ ರಾಜ್ಯಗಳೂ ಇಷ್ಟು ದೂರ ಹೋಗಿಲ್ಲ. ಆದರೆ 21 ತುಂಬದವರಿಗೆ ಕೊಟ್ಟವನ ಮೇಲೆ ಅನೇಕ ರಾಜ್ಯಗಳಲ್ಲಿ ದಾವೆ ನಿಲ್ಲುತ್ತದೆ.

ಹೀಗಾದಾಗ ವಿಮಾ ಕಂಪನಿಗಳು ಎಚ್ಚೆತ್ತುಕೊಂಡವು. 1980ರ ದಶಕದಲ್ಲಿ ಸೋದರಸಂಘಗಳಿಗೆ ವಿಮೆ ಸಿಗುವುದೇ ದುಸ್ತರವಾಯಿತು. 1987ರಲ್ಲಿ ಹಲವು ಸಂಘಗಳು ಒಟ್ಟಾಗಿ ವಿಮೆ ಕೊಳ್ಳಲು ಒಂದು ಕೂಟ ಕಟ್ಟಿಕೊಂಡು, ಅದರ ಷರತ್ತಾಗಿ ಒಂದು ನಿಯಮಾವಳಿಯನ್ನು ರಚಿಸಿಕೊಂಡವು. ಸಂಘದ ಹಣದಿಂದ ಮದ್ಯ ಕೊಳ್ಳಕೂಡದು. ಪೀಪಾಯಿ, ತೊಟ್ಟಿ ಮುಂತಾದ ಸಾಮೂಹಿಕ ಪಾತ್ರೆಗಳು ಕೂಡದು. ಬರುವವನು ತನ್ನ ಪಾಲನ್ನು ತಾನೇ ಮಿತಿಯಲ್ಲಿ ತರಬೇಕು, ಇಲ್ಲವೆ ಪರವಾನಗಿ ಪಡೆದ ಹೊರಗಿನ ಮಾರಾಟಗಾರನೇ ವಯಸ್ಸು ನೋಡಿ ಕೊಡಬೇಕು. ಅತಿಥಿಗಳ ಪಟ್ಟಿ ಇರಬೇಕು. ಕುಡಿತದ ಪಂದ್ಯ ಕೂಡದು. 2018ರಲ್ಲಿ ಸೋದರಸಂಘಗಳ ಒಕ್ಕೂಟ ಇನ್ನೊಂದು ನಿರ್ಣಯ ಮಾಡಿತು: ಶೇಕಡ 15ಕ್ಕಿಂತ ತೀಕ್ಷ್ಣವಾದ ಮದ್ಯ ಮನೆಯೊಳಗೆ ಬರಕೂಡದು, ಪರವಾನಗಿಯ ಮಾರಾಟಗಾರ ಕೊಟ್ಟರೆ ಮಾತ್ರ ಸರಿ. 2019ರ ಸೆಪ್ಟೆಂಬರಿನೊಳಗೆ ಇದನ್ನು ಜಾರಿಗೆ ತರಬೇಕೆಂದು ಗೊತ್ತಾಯಿತು.

ಇವು ಒಳ್ಳೆಯ ನಿಯಮಗಳು. ತೊಟ್ಟಿಯನ್ನು ತೆಗೆದುಹಾಕಿದರೆ ಕುಡಿಯುವವನಿಗೆ ತಾನು ಕುಡಿದದ್ದು ಎಷ್ಟೆಂಬ ಲೆಕ್ಕವಾದರೂ ಸಿಗುತ್ತದೆ. ತೀಕ್ಷ್ಣ ಮದ್ಯ ಇಲ್ಲದಿದ್ದರೆ ಹೊಟ್ಟೆ ಹಿಡಿಯುವಷ್ಟು ಬಿಯರು ಕುಡಿಯುವುದರೊಳಗೆ ಹೊತ್ತಾದರೂ ಕಳೆಯುತ್ತದೆ. ಆದರೆ ಈ ನಿಯಮಾವಳಿಗೆ ಇನ್ನೊಂದು ಮುಖವಿದೆ. ನಿಯಮವನ್ನು ಮುರಿದು ನಡೆಸಿದ ಕೂಟದಲ್ಲಿ ಅನಾಹುತವಾದರೆ, ಮುರಿದ ಹುಡುಗನಿಗೆ ವಿಮೆಯ ರಕ್ಷಣೆ ತಪ್ಪಿಹೋಗಬಹುದು. ಕೇಂದ್ರ ಸಂಸ್ಥೆ 'ನಮ್ಮ ನಿಯಮ ಸ್ಪಷ್ಟವಾಗಿತ್ತು, ಅವನೇ ಮೀರಿದ' ಎಂದು ಸರಿದು ನಿಲ್ಲುತ್ತದೆ. ಆಗ ದಾವೆ ಬರುವುದು ಇಪ್ಪತ್ತು ವರ್ಷದ ಹುಡುಗನ ಮೇಲೆ, ಅವನ ತಂದೆತಾಯಿಗಳ ಮನೆಯ ವಿಮೆಯ ಮೇಲೆ. ನಮ್ಮ ಊರುಗಳಿಂದ ಹೋದ ಮಕ್ಕಳಿಗೆ ಅಲ್ಲಿ ಅಂಥ ಮನೆಯೂ ಇಲ್ಲ. ಪೊಲೀಸು ಪ್ರಕರಣವಾದರೆ ವೀಸಾ ಉಳಿದೀತೇ ಎಂಬ ಭಯ ಬೇರೆ.

ಈಗ ಆ ಹನ್ನೆರಡು ಗಂಟೆಗಳ ಅರ್ಥ ಸ್ವಲ್ಪ ತಿಳಿಯುತ್ತದೆ. ಫೋನು ಮಾಡಿದರೆ ಪೊಲೀಸರು ಬರುತ್ತಾರೆ. ಪೊಲೀಸರು ಬಂದರೆ ನಿಯಮ ಮುರಿದದ್ದು ಬಯಲಾಗುತ್ತದೆ. ಬಯಲಾದರೆ ಮನೆ ಮುಚ್ಚುತ್ತದೆ, ವಿಮೆ ತಪ್ಪುತ್ತದೆ, ಅಣ್ಣತಮ್ಮಂದಿರಿಗೆ ದ್ರೋಹ ಬಗೆದಂತಾಗುತ್ತದೆ. ಅಪಾಯವನ್ನು ತಡೆಯಲು ಹುಟ್ಟಿದ ನಿಯಮ ಹುಡುಗರ ಮನಸ್ಸಿನಲ್ಲಿ ಅಪಾಯವನ್ನು ಮುಚ್ಚಿಡುವ ನಿಯಮವಾಗಿ ಮಾರ್ಪಟ್ಟಿತು. ಸೋಫದ ಮೇಲಿನ ಹುಡುಗನನ್ನು ನೋಡಿದಾಗ ಅವರಿಗೆ ಕಂಡದ್ದು ತಮ್ಮನಲ್ಲ, ಬರಲಿರುವ ದಾವೆ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಮ್ಯಾಕ್ಸ್ ಗ್ರೂವರ್ ಎಂಬ 18ರ ಹುಡುಗ ತೀರಿಕೊಂಡ. ಅವನು ಸೇರಬಯಸಿದ್ದ ಸಂಘ 2000ದಿಂದಲೇ ತನ್ನ ಮನೆಗಳಲ್ಲಿ ಮದ್ಯವನ್ನು ನಿಷೇಧಿಸಿ ಮಾದರಿಯೆನಿಸಿದ್ದುದು. ಆ ರಾತ್ರಿ ಹೊಸಬರನ್ನು ಸಾಲಾಗಿ ನಿಲ್ಲಿಸಿ ಸಂಘದ ಇತಿಹಾಸವನ್ನೂ ಗ್ರೀಕ್ ಅಕ್ಷರಮಾಲೆಯನ್ನೂ ಕೇಳಿ, ತಪ್ಪಿದವರಿಗೆ ಅತಿ ತೀಕ್ಷ್ಣವಾದ ಮದ್ಯವನ್ನು ಕುಡಿಸಿದರು. ವಾಹನ ನಡೆಸುವವನಿಗೆ ಬಹುತೇಕ ರಾಜ್ಯಗಳು ಹಾಕಿರುವ ಮಿತಿ ರಕ್ತದಲ್ಲಿ ಶೇಕಡ 0.08, ಈ ಹುಡುಗನ ರಕ್ತದಲ್ಲಿ ಇದ್ದದ್ದು 0.495. ನಲವತ್ತು ವರ್ಷಗಳ ಹತ್ತಿರ ಅಕ್ಷರ ಕಲಿಸಿದವನು ನಾನು. ಅಕ್ಷರಮಾಲೆ ತಪ್ಪಿದ್ದಕ್ಕೆ ಇಂಥ ಶಿಕ್ಷೆಯೆಂಬುದನ್ನು ಓದಿದಾಗ ಪತ್ರಿಕೆಯನ್ನು ಮಡಿಸಿಟ್ಟುಬಿಟ್ಟೆ.

ಆ ದೇಶ ಸುಮ್ಮನೆ ಕುಳಿತಿಲ್ಲ ಎಂಬುದನ್ನೂ ಹೇಳಬೇಕು. 2018ರಲ್ಲಿ ಪೆನ್ಸಿಲ್ವೇನಿಯವೂ ಲೂಯಿಸಿಯಾನವೂ ಈ ಇಬ್ಬರು ಹುಡುಗರ ಹೆಸರಿನಲ್ಲಿಯೇ ಕಠಿಣ ಕಾನೂನುಗಳನ್ನು ಮಾಡಿದವು. 2021ರಲ್ಲಿ ಒಹಾಯೊ ಅದೇ ಹಾದಿ ಹಿಡಿಯಿತು. 2024ರ ಡಿಸೆಂಬರಿನಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಶಾಸನವೇ ಬಂದು, ಇಂಥ ಹಿಂಸೆಯ ಪ್ರಕರಣಗಳನ್ನು ಕಾಲೇಜುಗಳು ಲೆಕ್ಕವಿಟ್ಟು ಪ್ರಕಟಿಸಬೇಕೆಂದು ವಿಧಿಸಿತು. ಪ್ರತಿಯೊಂದರ ಹಿಂದೆಯೂ ಮಗನನ್ನು ಕಳೆದುಕೊಂಡ ತಂದೆತಾಯಿಗಳು ಶಾಸನಸಭೆಯ ಮೆಟ್ಟಿಲು ಹತ್ತಿ ಇಳಿದ ಶ್ರಮವಿದೆ. ನಮ್ಮಲ್ಲಿ ರ್‍ಯಾಗಿಂಗ್ ವಿರುದ್ಧದ ನಿಯಮಗಳು ಬಂದ ಬಗೆಯನ್ನು ಬಲ್ಲವರಿಗೆ ಇದು ಹೊಸದಾಗಿ ತೋರದು.

ಶಿಕ್ಷೆಗಿಂತ ಹೆಚ್ಚು ಬೆಲೆಯುಳ್ಳದ್ದೆಂದು ನನಗೆ ತೋರುವುದು ಇನ್ನೊಂದು ಬಗೆಯ ಕಾನೂನು. ಗೆಳೆಯನ ಪ್ರಾಣಕ್ಕೆ ಅಪಾಯವೆಂದು ತುರ್ತು ದೂರವಾಣಿ 911ಕ್ಕೆ ಕರೆಮಾಡಿ, ಸಹಾಯ ಬರುವತನಕ ಜೊತೆಯಲ್ಲಿಯೇ ನಿಂತವನ ಮೇಲೆ, ವಯಸ್ಸು ತುಂಬದೆ ಕುಡಿದನೆಂಬ ಮೊಕದ್ದಮೆಯನ್ನು ಹೂಡುವುದಿಲ್ಲ ಎಂಬ ಅಭಯವನ್ನು ಬಹುತೇಕ ರಾಜ್ಯಗಳು ಇಂದು ನೀಡುತ್ತವೆ. ಅನೇಕ ವಿಶ್ವವಿದ್ಯಾನಿಲಯಗಳೂ ಇದೇ ಅಭಯವನ್ನು ಪ್ರತ್ಯೇಕವಾಗಿ ಕೊಡುತ್ತವೆ. ವಿವರಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಸೇರುವ ಕಾಲೇಜಿನದನ್ನು ಮೊದಲ ವಾರದಲ್ಲೇ ಓದಿಕೊಳ್ಳಬೇಕು. ದಾವೆಯ ಭಯಕ್ಕೂ ಪ್ರಾಣದ ಕರೆಗೂ ನಡುವೆ ಸಿಕ್ಕಿಕೊಂಡ ಹುಡುಗನಿಗೆ ಈ ಕಾನೂನು ದಾರಿ ಬಿಡಿಸಿಕೊಡುತ್ತದೆ.

ಇಷ್ಟೆಲ್ಲ ಇದ್ದೂ ಕೂಟಗಳು ನಡೆಯುತ್ತವೆ. ಹಾಗಾದರೆ ಚೆನ್ನಾಗಿ ನಡೆಸಿದ ಕೂಟ ಹೇಗಿರುತ್ತದೆ? ಬಾಗಿಲಲ್ಲಿ ಪಟ್ಟಿ ಹಿಡಿದು ವಯಸ್ಸು ನೋಡುವವರಿರುತ್ತಾರೆ. ಆ ರಾತ್ರಿ ಒಂದು ಹನಿಯನ್ನೂ ಮುಟ್ಟುವುದಿಲ್ಲವೆಂದು ಒಪ್ಪಿಕೊಂಡ ಕೆಲವರು ಗುರುತಿನ ಅಂಗಿ ತೊಟ್ಟು ಓಡಾಡುತ್ತಿರುತ್ತಾರೆ. ಇವರು ಹೊಸಬರಾಗಿರದೆ ಮಾತು ನಡೆಯುವ ಹಿರಿಯರಾಗಿರಬೇಕು. ಊಟವಿರುತ್ತದೆ, ನೀರಿರುತ್ತದೆ, ಮದ್ಯವಲ್ಲದ ಪಾನೀಯಗಳು ಮೂಲೆಯಲ್ಲಿ ಅಡಗಿರದೆ ಎದುರಿಗೇ ಇರುತ್ತವೆ. ಕೊಡುವವನು ಅಳೆದು ಕೊಡುತ್ತಾನೆ. ಸಾಕೆನ್ನುವ ತರಬೇತಿಯೂ ಅವನಿಗೆ ಆಗಿರುತ್ತದೆ. ಮಹಡಿಯ ಕೋಣೆಗಳಿಗೆ ಬೀಗವಿರುತ್ತದೆ. ಹೊರಡುವವರಿಗೆ ಕುಡಿಯದ ಚಾಲಕನಿರುತ್ತಾನೆ. ಮುಗಿಯುವ ಹೊತ್ತು ಮೊದಲೇ ಗೊತ್ತಿರುತ್ತದೆ. ನಮ್ಮ ಮದುವೆಮನೆಯಲ್ಲಿ ಪಂಕ್ತಿಯ ನಡುವೆ ಓಡಾಡುತ್ತ, ಯಾರ ಎಲೆಯಲ್ಲಿ ಏನಿದೆ, ಯಾರು ಇನ್ನೂ ಉಂಡಿಲ್ಲ ಎಂದು ಕಣ್ಣಿಟ್ಟಿರುವ ಹಿರಿಯರನ್ನು ನೆನೆಯಿರಿ. ಕೆಲಸ ಅದೇ.

ಇನ್ನೊಂದು ಸ್ವಾರಸ್ಯವಾದ ಸಂಗತಿ. 1986ರಲ್ಲಿ ನ್ಯೂಯಾರ್ಕ್ ರಾಜ್ಯದ ಪರ್ಕಿನ್ಸ್ ಮತ್ತು ಬರ್ಕೊವಿಟ್ಸ್ ಎಂಬ ಇಬ್ಬರು ಸಂಶೋಧಕರು ತೋರಿಸಿಕೊಟ್ಟಂತೆ, ಕುಡಿತಕ್ಕೆ ಸಂಬಂಧಿಸಿದಂತೆ ವಿದ್ಯಾರ್ಥಿಗಳು ತಮ್ಮ ಸಹಪಾಠಿಗಳನ್ನು ಅವರು ನಿಜವಾಗಿ ಇರುವುದಕ್ಕಿಂತ ಹೆಚ್ಚು ಸಡಿಲರೆಂದು ಭಾವಿಸಿರುತ್ತಾರೆ. ಎಲ್ಲರೂ ಕುಡಿಯುತ್ತಿದ್ದಾರೆಂದು ಪ್ರತಿಯೊಬ್ಬನೂ ಎಣಿಸಿ, ಆ ಕಲ್ಪಿತ 'ಎಲ್ಲರ' ಸಮಕ್ಕೆ ನಿಲ್ಲಲು ತಾನೂ ಕುಡಿಯುತ್ತಾನೆ. ಬೇಡವೆನ್ನುವವನು ತಾನೊಬ್ಬನೇ ಎಂದುಕೊಂಡ ಹುಡುಗನ ಪಕ್ಕದಲ್ಲಿ ಹಾಗೆಯೇ ಅಂದುಕೊಂಡ ಇನ್ನೊಬ್ಬ ನಿಂತಿರುತ್ತಾನೆ.

ಕಾನೂನೇ ತಪ್ಪೆನ್ನುವವರೂ ಇದ್ದಾರೆ. 2008ರಲ್ಲಿ ನೂರಕ್ಕೂ ಹೆಚ್ಚು ಕಾಲೇಜುಗಳ ಅಧ್ಯಕ್ಷರು, 21ರ ಮಿತಿಯಿಂದ ಕುಡಿತ ಕತ್ತಲೆಗೆ ಹೋಗಿದೆ, ಇದನ್ನು ಮತ್ತೆ ಚರ್ಚಿಸಬೇಕು ಎಂದು ಸಹಿಹಾಕಿದರು. ಕಾನೂನು ಬದಲಾಗಲಿಲ್ಲ. ರಸ್ತೆಯಲ್ಲಿ ಉಳಿದ ಪ್ರಾಣಗಳನ್ನು ಎಣಿಸಿದರೆ ಬದಲಾಯಿಸುವುದು ಸುಲಭವೂ ಅಲ್ಲ.

ಕನ್ನಡದ ಮೇಷ್ಟ್ರಾದ ನಾನು ಕೊನೆಗೆ ಒಂದು ಶಬ್ದಕ್ಕೆ ಮರಳುತ್ತೇನೆ. ಇಂಗ್ಲಿಷಿನಲ್ಲಿ ಎರಡು ಮಾತುಗಳಿವೆ: 'ಲಯಬಿಲಿಟಿ' ಮತ್ತು 'ರೆಸ್ಪಾನ್ಸಿಬಿಲಿಟಿ'. ಒಂದು ನ್ಯಾಯಾಲಯದಲ್ಲಿ ತೆರಬೇಕಾದದ್ದು. ಇನ್ನೊಂದು ಮನುಷ್ಯ ಮನುಷ್ಯನಿಗೆ ಸಲ್ಲಿಸಬೇಕಾದದ್ದು. ಶಬ್ದ ಎರಡಾದುದರಿಂದ ಒಂದರಿಂದ ನುಣುಚಿಕೊಂಡವನು ಇನ್ನೊಂದರಿಂದಲೂ ಪಾರಾದೆನೆಂದು ಭ್ರಮಿಸಲು ಅವಕಾಶವಿದೆ. ನಮ್ಮ ಮಾತಿನಲ್ಲಿ ಎರಡಕ್ಕೂ 'ಹೊಣೆ' ಎಂಬುದು ಒಂದೇ. ಹಳಗನ್ನಡದ 'ಪೊಣೆ' ಎಂದರೆ ಜಾಮೀನು. ಇನ್ನೊಬ್ಬನಿಗಾಗಿ ನಾನು ನಿಂತಿದ್ದೇನೆ ಎನ್ನುವುದು. ಆ ಮನೆಗಳಲ್ಲಿ ಹೊಸಬನು ಒತ್ತೆಯಾದರೆ, ಅವನನ್ನು ಒಳಗೆ ಕರೆದವನು ಹೊಣೆ. ಒತ್ತೆಯಿಟ್ಟ ಒಡವೆಯನ್ನೂ ಕೆಡದಂತೆ ಕ್ಷೇಮವಾಗಿ ಹಿಂದಿರುಗಿಸುವ ಧರ್ಮವುಂಟು. ತಾಯಿ ಕಳುಹಿಸಿದ ಮಗುವಿನ ವಿಷಯದಲ್ಲಿ ಹೇಳಬೇಕೆ?

ಆ ಸಂಜೆ ಇದೆಲ್ಲವನ್ನೂ ಕೇಳಿಸಿಕೊಂಡ ಹುಡುಗಿ, "ಹಾಗಾದರೆ ತಾತ, ನಾನು ಅಂಥ ಕಡೆ ಹೋಗಲೇಬಾರದಾ?" ಎಂದಳು. ತಂದೆ ನನ್ನ ಮುಖ ನೋಡಿದರು. ಬೇಡವೆಂದು ನಾನು ಹೇಳಲಿ ಎಂಬ ಆಸೆ ಅವರ ಕಣ್ಣಿನಲ್ಲಿತ್ತು.

"ಹೋಗದಿದ್ದರೆ ನನಗೆ ಸಂತೋಷ, ಮಗು. ನಿನಗೆ ಇನ್ನೂ ಮೂರು ವರ್ಷ ಅಲ್ಲಿ ಕುಡಿಯುವುದು ಕಾನೂನಿಗೆ ವಿರುದ್ಧ, ಅದೂ ನೆನಪಿರಲಿ. ಆದರೆ ಗೆಳತಿಯರ ಜೊತೆ ಹೋಗಬೇಕಾಗಿ ಬಂದರೆ ಒಟ್ಟಿಗೆ ಹೋಗಿ, ಒಟ್ಟಿಗೆ ಬನ್ನಿ. ನಿನ್ನ ಲೋಟವನ್ನು ನೀನೇ ತುಂಬಿಕೋ, ಕೈಯಿಂದ ಬಿಡಬೇಡ. ಅಲ್ಲಿ ಯಾರಾದರೂ ಅಲುಗಾಡಿಸಿದರೂ ಏಳದೆ ಬಿದ್ದಿದ್ದರೆ, ಮೈ ತಣ್ಣಗಾಗಿ ತುಟಿ ನೀಲಿಯಾಗಿದ್ದರೆ, ನಿಮಿಷಕ್ಕೆ ಎಂಟು ಉಸಿರೂ ಆಡದಿದ್ದರೆ, ಅಥವಾ ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಹತ್ತು ಎಣಿಸುವಷ್ಟು ಅಂತರವಿದ್ದರೆ, ಯಾರ ಅಪ್ಪಣೆಯನ್ನೂ ಕೇಳಬೇಡ. ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸು. 911ಕ್ಕೆ ಫೋನು ಮಾಡು. ಅವರು ಬರುವತನಕ ಅಲ್ಲೇ ಕೂತಿರು. ಅವನು ಯಾರೆಂದು ಗೊತ್ತಿಲ್ಲದಿದ್ದರೂ ಸರಿ."

"ಯಾರಾದರೂ ಬೈದರೆ?"

"ಬೈಯಲಿ ಬಿಡು. ಮಾರನೆಯ ಬೆಳಗ್ಗೆ ಆ ಹುಡುಗನೂ ಎದ್ದು ಬೈಯಬಹುದು. ಎದ್ದನಲ್ಲ, ಅದು ಮುಖ್ಯ."

ಹುಡುಗಿ ನಕ್ಕಳು. ತಂದೆ ಕಾಗದವನ್ನು ಜೇಬಿಗೆ ಹಾಕಿಕೊಳ್ಳಹೋದಾಗ, "ಅಪ್ಪಾ, ಅದು ನನ್ನ ಹತ್ತಿರ ಇರಲಿ" ಎಂದು ಇಸಿದುಕೊಂಡು, ಮಡಿಸಿ ತನ್ನ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡಳು.